ಯಾರ ಕೈಯಳತೆಗೆ ಮಾಡಿದ್ದು?

ಹೊಸ ಬಗೆಯ ಬೀಗವನ್ನೋ ಮೊಬೈಲಿನಿಂದ ಹೊತ್ತಿಸುವ ದೀಪವನ್ನೋ ಕೂರಿಸಲು ಬಂದ ಹುಡುಗ, ಕೆಲಸ ಮುಗಿಸಿ ಸಾಮಾನ್ಯವಾಗಿ ಕೇಳುವ ಮಾತು ಇದು: “ಸರ್, ನಿಮ್ಮ ಮೊಬೈಲ್ ಕೊಡಿ, ಆ್ಯಪ್ ಹಾಕಿಕೊಡ್ತೀನಿ.” ಪಕ್ಕದಲ್ಲೇ ನಿಂತ ಮನೆಯಾಕೆಯ ಮೊಬೈಲ್ ಕೇಳಬಹುದೆಂದು ಅವನಿಗೆ ತೋಚುವುದಿಲ್ಲ. ಮುಖ್ಯ ಖಾತೆ ಯಜಮಾನರ ಹೆಸರಿಗಾಗುತ್ತದೆ, ಉಳಿದವರು ಅದರಡಿ ಸದಸ್ಯರು. ಯಜಮಾನರು ಕಚೇರಿಗೆ ಹೊರಟ ಮೇಲೆ ಗೀಸರಿನ ವೇಳೆ ಬದಲಿಸಲಿಕ್ಕೂ ಅವರಿಗೇ ಫೋನು ಮಾಡಬೇಕು. ಸಜ್ಜನರ ಮನೆಯಲ್ಲಿ ಇದು ನಕ್ಕು ಮರೆಯುವ ಸಂಗತಿ. ಎಲ್ಲ ಮನೆಗಳೂ ಹಾಗಿರುವುದಿಲ್ಲವಲ್ಲ. ಎಲ್ಲಿಂದಲೋ ದೀಪ ಆರಿಸಿ, ಬಾಗಿಲಿನ ಗುಪ್ತಸಂಖ್ಯೆ ಬದಲಿಸಿ, ಕ್ಯಾಮೆರಾದಲ್ಲಿ ಹೆಂಡತಿಯ ಓಡಾಟ ನೋಡುತ್ತ ಹಿಂಸೆ ಕೊಡುವವರ ಬಗ್ಗೆ 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಿವರವಾಗಿಯೇ ಬರೆಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇದರ ಮೇಲೆಯೇ ಸಂಶೋಧನೆ ನಡೆದಿದೆ. ಆ ಯಂತ್ರಗಳನ್ನು ಮಾಡಿದವರು ಕೆಟ್ಟವರೆಂದಲ್ಲ. ಮನೆಯೆಂದರೆ ಒಬ್ಬರು ತೀರ್ಮಾನಿಸುವುದು, ಉಳಿದವರು ಒಪ್ಪುವುದು ಎಂದು ಅವರು ಯೋಚಿಸದೆಯೇ ನಂಬಿಬಿಟ್ಟಿದ್ದರು.

ದುಡಿಯುವವರನ್ನು ಕೇಳದೆ ಅವರಿಗೆಂದು ಯಂತ್ರ ಮಾಡುವುದು ಹಳೆಯ ರೂಢಿ. 1969ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ನೀಮನ್ ಮಾರ್ಕಸ್ ಎಂಬ ದುಬಾರಿ ಅಂಗಡಿ ತನ್ನ ಕ್ಯಾಟಲಾಗಿನಲ್ಲಿ ಹನಿವೆಲ್ ಕಂಪನಿಯ ‘ಕಿಚನ್ ಕಂಪ್ಯೂಟರ್’ ಅನ್ನು ಮಾರಾಟಕ್ಕಿಟ್ಟಿತು. ಬೆಲೆ 10,600 ಡಾಲರ್, ತೂಕ ಒಬ್ಬರು ಎತ್ತಲಾರದಷ್ಟು, ಮುಂಭಾಗದಲ್ಲಿ ತರಕಾರಿ ಹೆಚ್ಚುವ ಮಣೆಯೊಂದು ಬೇರೆ! ಅಡುಗೆಯ ವಿಧಾನಗಳನ್ನು ಅದು ನೆನಪಿಟ್ಟುಕೊಂಡು ಹೇಳುವುದೆಂದು ಪ್ರಚಾರ. ಹೇಳುವುದು ಹೇಗೆ? ಸಾಲು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಪ್ರಶ್ನೆ ಕೇಳಬೇಕು, ಹೊತ್ತಿ ಆರುವ ಪುಟ್ಟ ದೀಪಗಳಲ್ಲಿ ಉತ್ತರ ಓದಿಕೊಳ್ಳಬೇಕು. ಒಲೆಯ ಮೇಲೆ ಸಾಸಿವೆ ಸಿಡಿಯುತ್ತಿರುವಾಗ! ಇದನ್ನು ಕಲಿಸಲು ಗೃಹಿಣಿಗೆ ಎರಡು ವಾರದ ತರಬೇತಿಯೂ ಆ ಬೆಲೆಯಲ್ಲೇ ಸೇರಿತ್ತು. ಜಾಹೀರಾತಿನಲ್ಲಿ ಆಕೆಯ ಕೈಯಡುಗೆಯ ಬಗ್ಗೆ ಒಂದು ಕೊಂಕುಮಾತನ್ನೂ ಹಾಕಿದ್ದರು. ಒಂದಾದರೂ ಮಾರಾಟವಾದದ್ದಕ್ಕೆ ದಾಖಲೆಯಿಲ್ಲ. ಆ ಜಾಹೀರಾತು ಬರೆದವರು ಯಾರೋ ಗೊತ್ತಿಲ್ಲ, ಅನ್ನಕ್ಕೆ ಎಸರಿಟ್ಟವರಂತೂ ಇರಲಾರರು.

ಅದೇ ದಶಕದಲ್ಲಿ ಮುಂಬೈನಲ್ಲಿ ಮಾಧುರಿ ಮಾಥುರ್ ಎಂಬ ಗೃಹಿಣಿಯ ಮನೆಯ ಜರ್ಮನ್ ಮಿಕ್ಸರ್ ಸುಟ್ಟುಹೋಯಿತು. ಅದು ಕೆಟ್ಟ ಯಂತ್ರವೇನಲ್ಲ. ನೆನೆಸಿದ ಉದ್ದು, ಒಣ ಅರಿಸಿನ, ಹುಳಿಗೆ ಹಾಕುವ ಕೊಬ್ಬರಿ ಮಸಾಲೆ ಇವು ಅದರ ಕಲ್ಪನೆಯಲ್ಲೇ ಇರಲಿಲ್ಲ. ಪತಿ ಸತ್ಯಪ್ರಕಾಶ್ ಮಾಥುರ್ ಎಂಜಿನಿಯರ್. ಹೆಂಡತಿಯ ತಕರಾರನ್ನು ಅವರು ಗೊಣಗಾಟವೆಂದು ತಳ್ಳಿಹಾಕದೆ ಎಂಜಿನಿಯರನಿಗೆ ಕೊಟ್ಟ ಕೆಲಸವೆಂದೇ ತೆಗೆದುಕೊಂಡರು. ನಮ್ಮ ರುಬ್ಬುವಿಕೆಯನ್ನು ತಾಳುವ ಬಲವಾದ ಮೋಟಾರಿನ ‘ಸುಮೀತ್’ ಮಿಕ್ಸಿ ಹುಟ್ಟಿದ್ದು ಹಾಗೆ. ಒರಳುಕಲ್ಲಿನ ಮುಂದೆ ಕೂತು ತೋಳು ನೋಯಿಸಿಕೊಳ್ಳುತ್ತಿದ್ದ ಎಷ್ಟೋ ತಾಯಂದಿರಿಗೆ ಅದು ಒಂದು ಗಂಟೆಯ ಬಿಡುವು ತಂದುಕೊಟ್ಟಿತು. ಇಂದು ಕೃತಕ ಬುದ್ಧಿಮತ್ತೆಯ ಮನೆ ಕಟ್ಟಲು ಹೊರಟವರು ಹನಿವೆಲ್ ಯಂತ್ರದ ಕಥೆಯನ್ನೂ ಮಾಥುರ್ ದಂಪತಿಯ ಕಥೆಯನ್ನೂ ಒಟ್ಟಿಗೇ ಓದಬೇಕು.

ಮಾತಾಡುವ ಯಂತ್ರಗಳ ಹೆಣ್ಣುದನಿಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. 2011ರಲ್ಲಿ ಆ್ಯಪಲ್ ಫೋನಿನ ಮಾತಾಡುವ ಸಹಾಯಕಿ ‘ಸಿರಿ’ ಅಮೆರಿಕದಲ್ಲಿ ಹೆಣ್ಣಿನ ದನಿಯಲ್ಲೇ ಬಂತು. ಕೆಟ್ಟದಾಗಿ ಬೈದರೂ ನಾಚಿಕೊಂಡಂತೆ ಉತ್ತರಿಸುತ್ತಿತ್ತು, ಇದು ಮಕ್ಕಳಿಗೆ ಏನು ಕಲಿಸುತ್ತದೆ ಎಂದು 2019ರಲ್ಲಿ ಯುನೆಸ್ಕೋ ವರದಿಯೊಂದು ಕೇಳಿತು. 2021ರಿಂದ ಆ್ಯಪಲ್ ಕಂಪನಿ ದನಿಯ ಆಯ್ಕೆಯನ್ನು ಬಳಸುವವರಿಗೇ ಬಿಟ್ಟಿದೆ. ಒಳ್ಳೆಯದಾಯಿತು. ಆದರೆ ನನಗೆ ದನಿಗಿಂತ ಒದ್ದೆ ಕೈಯ ವಿಷಯ ದೊಡ್ಡದಾಗಿ ಕಾಣುತ್ತದೆ. ಪಾತ್ರೆ ತೊಳೆದ ಕೈಯ ಬೆರಳಚ್ಚನ್ನು ಬೀಗ ಹಲವು ಸಲ ಗುರುತಿಸುವುದಿಲ್ಲ. ಹಿಟ್ಟು ಮೆತ್ತಿದ ಬೆರಳಿಗೆ ನುಣುಪು ಗಾಜಿನ ಫಲಕ ಓಗೊಡುವುದಿಲ್ಲ. ಮಿಕ್ಸಿ ತಿರುಗುವಾಗ ಕೂಗಿದರೆ ಸ್ಪೀಕರಿಗೆ ಕೇಳಿಸುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅಡುಗೆಮನೆಯ ಯಂತ್ರದ ಪರೀಕ್ಷಕರು ಯಾರಾಗಬೇಕೆಂಬುದಕ್ಕೆ ಬೇರೆ ತಜ್ಞರ ಸಮಿತಿ ಬೇಕಾಗಿಲ್ಲ.

ಕಂಪನಿಗಳು ಯಾವಾಗ ಕೇಳಿಸಿಕೊಳ್ಳುತ್ತವೋ, ನಾವು ಗೃಹಸ್ಥರು ಮಾಡಬಹುದಾದದ್ದೂ ಸ್ವಲ್ಪ ಇದೆ. ಮುಖ್ಯ ಖಾತೆಯ ಹಕ್ಕು ಇಬ್ಬರಿಗೂ ಇರಲಿ. ಗೋಡೆಯ ಹಳೆಯ ಸ್ವಿಚ್ಚನ್ನು ಕೀಳಿಸದಿರೋಣ, ಅದಕ್ಕೆ ಪಾಸ್‌ವರ್ಡ್ ಬೇಡ, ಅತ್ತೆಯವರಿಗೂ ಒಗ್ಗುತ್ತದೆ. ಇನ್ನೊಬ್ಬರನ್ನು ನಾವು ಮರೆತೇ ಬಿಡುತ್ತೇವೆ. ಬೆಳಗ್ಗೆ ನೆಲ ಒರೆಸಿ ಪಾತ್ರೆ ತೊಳೆಯಲು ಬರುವಾಕೆ ಯಾವ ಆ್ಯಪಿನಲ್ಲೂ ಸದಸ್ಯೆಯಲ್ಲ, ಆದರೂ ಕ್ಯಾಮೆರಾದಲ್ಲಿ ಹೆಚ್ಚು ಹೊತ್ತು ಕಾಣುವವಳು ಅವಳೇ. “ಇಲ್ಲೊಂದು ಕ್ಯಾಮೆರಾ ಹಾಕಿಸಿದ್ದೇವಮ್ಮ, ಇಷ್ಟು ಜಾಗ ಕಾಣುತ್ತೆ, ಮಾತೂ ಕೇಳಿಸುತ್ತೆ” ಎಂದು ಹಾಕಿಸಿದ ದಿನವೇ ಅವಳಿಗೆ ಹೇಳಬೇಕು. ನೆಲ ಒರೆಸಲು ಬಗ್ಗುವ ಕಡೆಗೇ ಅದು ಮುಖ ಮಾಡಿದೆ, ಕೊಂಚ ಬಾಗಿಲಿನತ್ತ ತಿರುಗಿಸಿ ಅಕ್ಕಾ ಎಂದು ಅವಳು ಕೇಳಿದರೆ, ತಿರುಗಿಸಲು ಒಂದು ಸ್ಕ್ರೂಡ್ರೈವರ್ ಸಾಕು.