ಅಪಾಯ ನನ್ನೊಬ್ಬನದೇನಾ?

ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಹೃದಯದ ತೊಂದರೆ ಇದೆಯೇ? ನಾನು ‘ಇಲ್ಲ’ ಅಂತ ಟಿಕ್ ಹಾಕಿದೆ.

ಹಸಿ ಸುಳ್ಳು. ಏಳು ತಿಂಗಳ ಹಿಂದೆ, 37ನೇ ವಯಸ್ಸಿಗೆ, ನನಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಮಣಿಕಟ್ಟಿನ ರಕ್ತನಾಳದಿಂದ ಹೋಗಿ ಸ್ಟೆಂಟ್ ಕೂರಿಸಿದ್ದರು. ಟ್ರೆಡ್‌ಮಿಲ್ ಟೆಸ್ಟ್ ನೋಡಿದ ಮೇಲೆ ಡಾಕ್ಟರು ಕಯಾಕಿಂಗ್‌ಗೆ ಒಪ್ಪಿದ್ದೇನೋ ನಿಜ, ಆದರೆ ಷರತ್ತು ಹಾಕಿದ್ದರು. ಒಬ್ಬರೇ ಹೋಗಬಾರದು. ಹುಟ್ಟು ಹಾಕುತ್ತಲೇ ಆರಾಮಾಗಿ ಮಾತಾಡಲು ಆಗಬೇಕು. ಮಾತು ತುಂಡಾದರೆ ನಿಲ್ಲಿಸಬೇಕು. ಕೈಯಲ್ಲಿರುವ ಸ್ಮಾರ್ಟ್‌ವಾಚ್ ನಂಬಬೇಡಿ ಅಂತಲೂ ಹೇಳಿದ್ದರು. ಬೀಟಾ ಬ್ಲಾಕರ್ ಮಾತ್ರೆ ನಾಡಿಬಡಿತವನ್ನು ಹೆಚ್ಚು ಏರಲು ಬಿಡುವುದಿಲ್ಲ. ದೇಹ ದಣಿದಿದ್ದರೂ ವಾಚಿನ ಅಂಕಿ ಚೆನ್ನಾಗಿಯೇ ಕಾಣಬಹುದು.

ಇದ್ದದ್ದು ಹೇಳಿದರೆ ದೋಣಿ ಕೊಡುವುದಿಲ್ಲ ಅನ್ನೋ ಭಯ. ಜೊತೆಗೆ ಒಂದು ಸಮಜಾಯಿಷಿಯೂ ಇತ್ತು: ನನ್ನ ಜೀವ, ನನ್ನ ರಿಸ್ಕ್. ಹೊನ್ನಾವರದ ಹತ್ತಿರ ಶರಾವತಿ ದಡದಲ್ಲಿ ಪಾತಿ ದೋಣಿ ಹತ್ತಿ ಬೆಳೆದವನು ನಾನು. ಆಗ ಯಾವ ಫಾರ್ಮ್ ಇತ್ತು?

ಎರಡು ಸೀಟಿನ ಕಯಾಕ್. ಹಿಂದೆ ಇಪ್ಪತ್ತರ ಆಸುಪಾಸಿನ ಗೈಡ್ ಹುಡುಗ. ಕಾಂಡ್ಲಾ ಗಿಡಗಳ ಪಕ್ಕ ಹೊಳೆಯ ಮೇಲಕ್ಕೆ ಹೊರಟಿದ್ದೆವು. ನೀರು ಇಳಿತದಲ್ಲಿತ್ತು, ಎದುರಿಗೇ ಎಳೆಯುತ್ತಿತ್ತು. ಹುಡುಗ ತನ್ನ ಅಕ್ಕನ ಮದುವೆ ಕತೆ ಹೇಳುತ್ತಿದ್ದ. ನಾನು ‘ಹೂಂ’ ಅಂದೆ, ಆಮೇಲೆ ಅದನ್ನೂ ನಿಲ್ಲಿಸಿದೆ.

“ಅಣ್ಣಾ, ಸುಸ್ತಾಯ್ತಾ?”

“ಇಲ್ಲಪ್ಪ.” ಒಂದೇ ದಿನ ಎರಡನೇ ಸುಳ್ಳು.

ಆಗ ಹೊಳೆಯಿತು. ನಾನಿಲ್ಲಿ ಕುಸಿದರೆ ಲೈಫ್ ಜಾಕೆಟ್ ನನ್ನನ್ನು ತೇಲಿಸಬಹುದು. ಆದರೆ ಪ್ರಜ್ಞೆ ತಪ್ಪಿದ ಎಂಬತ್ತು ಕೇಜಿ ದೇಹವನ್ನು ಒಬ್ಬನೇ ದೋಣಿಗೆ ಎತ್ತೋದು ಹೇಗೆ? ಓಲಾಡುವ ಕಯಾಕಿನಲ್ಲಿ ಎದೆ ಒತ್ತಿ ಬದುಕಿಸಲು ಆಗುತ್ತದಾ? ನಾನು ಹೋದೆ ಅಂದರೆ ಹೋದೆ. ಅವನು ಮಾತ್ರ ತನ್ನದೇ ತಪ್ಪೇನೋ ಅಂತ ಜೀವನವಿಡೀ ಆ ಮಧ್ಯಾಹ್ನವನ್ನು ಹೊತ್ತು ತಿರುಗಬೇಕು. ಆಫೀಸಲ್ಲಿ ಗೊತ್ತಿರುವ ಬಗ್ ಮುಚ್ಚಿಟ್ಟು ಯಾರಾದರೂ ರಿಲೀಸ್ ಮಾಡಿದರೆ ನಾನೇ ಕೂಗಾಡುತ್ತೇನೆ, ಯಾಕಂದ್ರೆ ರಾತ್ರಿ ಎರಡಕ್ಕೆ ಫೋನ್ ಬರೋದು ಇನ್ನೊಬ್ಬನಿಗೆ. ಇಲ್ಲಿ ನಾನು ಮಾಡಿದ್ದೂ ಅದನ್ನೇ.

ಹುಟ್ಟು ಮಡಿಲ ಮೇಲಿಟ್ಟು ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಹಿಂದಿನಿಂದ ಸದ್ದೇ ಇಲ್ಲ. ಆಮೇಲೆ ದೋಣಿ ತಿರುಗಿತು.

“ಮೊದ್ಲೇ ಹೇಳೋದಲ್ವಾ ಅಣ್ಣಾ? ಭರತದಲ್ಲಿ ಮೇಲೆ ಹೋಗಿ, ಇಳಿತದಲ್ಲಿ ವಾಪಸ್ ಬರಬಹುದಿತ್ತು. ನೀರೇ ಕರ್ಕೊಂಡು ಹೋಗ್ತಿತ್ತು.”

ನನಗೆ ಅಪಾಯ ತಗೊಳ್ಳೋ ಹಕ್ಕಿಲ್ಲ ಅಂತ ಈಗಲೂ ಅನ್ನಿಸುವುದಿಲ್ಲ. ಭಯಪಟ್ಟು ಸೋಫಾ ಮೇಲೆ ಕೂತಿರಲು ಸ್ಟೆಂಟ್ ಹಾಕಿಸಿಕೊಂಡಿಲ್ಲ. ಆದರೆ ನನ್ನ ಅಪಾಯದಲ್ಲಿ ಪಾಲು ಹೊರುವವನಿಗೆ ಅದು ಗೊತ್ತಿರಬೇಕು, ‘ಆಗಲ್ಲ’ ಅನ್ನೋ ಅವಕಾಶವೂ ಇರಬೇಕು. ಅದನ್ನು ಕಿತ್ತುಕೊಂಡು ತೋರಿಸಿದ ಧೈರ್ಯ ಅವನ ಖರ್ಚಿನದು.

ಮುಂದಿನ ಸಲ ಇನ್ನೊಂದು ಕಡೆ ‘ಹೌದು’ ಅಂತ ಟಿಕ್ ಹಾಕಿದೆ. ದೋಣಿ ಕೊಡಲಿಲ್ಲ. ಸಿಟ್ಟು ಬಂತು, ದಡದಲ್ಲಿ ಸೋಡಾ ಕುಡಿದು ವಾಪಸ್ ಬಂದೆ. ಈಗ ಅದೇ ಹುಡುಗನಿಗೆ ಫೋನ್ ಮಾಡುತ್ತೇನೆ. ಭರತ ಎಷ್ಟು ಗಂಟೆಗೆ ಅಂತ ಅವನು ಹೇಳುತ್ತಾನೆ. ಮಾತ್ರೆ ತಗೊಂಡ್ರಾ ಅಂತಲೂ ಕೇಳುತ್ತಾನೆ.