ಜೀರ್ಣೋದ್ಧಾರದ ಧರ್ಮ

ಹಳೆಯ ವಸ್ತುವೊಂದನ್ನು ಉಳಿಸಿಕೊಳ್ಳುವುದೆಂದರೆ ಏನು? ಅದನ್ನು ಇದ್ದಂತೆಯೇ ಇರಿಸುವುದೇ, ಇಲ್ಲವೆ ಅದು ಮಾಡುತ್ತಿದ್ದ ಕೆಲಸವನ್ನು ಅದರಿಂದ ಇಂದಿಗೂ ಮಾಡಿಸುವುದೇ? ದೇವಾಲಯಗಳ ಜೀರ್ಣೋದ್ಧಾರದ ಸಂದರ್ಭದಲ್ಲಿ ಏಳುವ ಈ ಪ್ರಶ್ನೆಯು ಮೋಟಾರು ಬಂಡಿಯಂಥ ಲೌಕಿಕ ಯಂತ್ರದ ವಿಷಯದಲ್ಲಿಯೂ ಅಷ್ಟೇ ತೀಕ್ಷ್ಣವಾಗಿ ಏಳುವುದೆಂದರೆ ವಾಚಕರಿಗೆ ಮೊದಲು ನಗೆ ಬಂದೀತು. ಆದರೆ ವಿಚಾರಿಸಿ ನೋಡಿದಲ್ಲಿ ವಿಷಯವು ನಗೆಯದಲ್ಲ.

ಇಂಗ್ಲೆಂಡಿನಲ್ಲಿ 1865ರ ಕಾಯಿದೆಯೊಂದು, ಯಂತ್ರಬಲದಿಂದ ರಸ್ತೆಯಲ್ಲಿ ಚಲಿಸುವ ಬಂಡಿಗಳನ್ನು ಊರೊಳಗೆ ಗಂಟೆಗೆ 2 ಮೈಲಿ, ಊರಾಚೆಗೆ 4 ಮೈಲಿಯ ವೇಗಕ್ಕೆ ಕಟ್ಟಿಹಾಕಿದ್ದಿತು. ಬಂಡಿಯ ಮುಂದೆ ಒಬ್ಬಾತನು ಕೆಂಪು ಬಾವುಟ ಹಿಡಿದು ನಡೆಯಬೇಕೆಂದೂ ವಿಧಿಸಿದ್ದಿತು. ಬಾವುಟದ ಕಟ್ಟುಪಾಡು ಮುಂದೆ ಸಡಿಲವಾದರೂ ವೇಗದ ಸಂಕೋಲೆಯು ಕಳಚಿದುದು 1896ರಲ್ಲಿ. ಆ ಬಿಡುಗಡೆಯ ಉತ್ಸಾಹದಲ್ಲಿ ಅದೇ ವರ್ಷದ ನವೆಂಬರ್ 14ರಂದು ಹಲವು ಬಂಡಿಗಳು ಲಂಡನ್ನಿನಿಂದ ಬ್ರೈಟನ್ನಿನ ಕಡಲತೀರಕ್ಕೆ ಹೊರಟವು. 1927ರಲ್ಲಿ ಕೆಲವರು ಆ ಪಯಣವನ್ನು ಮತ್ತೆ ನಡೆಯಿಸಿದರು. ಯುದ್ಧಾದಿ ಕಾರಣಗಳಿಂದ ನಡುವೆ ಕೆಲವು ವರ್ಷ ನಿಂತುದುಂಟಾದರೂ, ಇಂದಿಗೂ ನವೆಂಬರ್ ತಿಂಗಳ ಮೊದಲ ಭಾನುವಾರ ಸೂರ್ಯೋದಯದ ಹೊತ್ತಿಗೆ, 1905ಕ್ಕೆ ಮೊದಲು ಹುಟ್ಟಿದ ಬಂಡಿಗಳು ಹೈಡ್ ಪಾರ್ಕಿನಿಂದ ಹೊರಟು ಸುಮಾರು 60 ಮೈಲಿಗಳ ಹಾದಿಯನ್ನು ಕ್ರಮಿಸುತ್ತವೆ. ನಮ್ಮ ದೇಶದಲ್ಲಿಯೂ ‘ಸ್ಟೇಟ್ಸ್‌ಮನ್’ ಪತ್ರಿಕೆಯು 1964ರಲ್ಲಿ ದೆಹಲಿಯಲ್ಲಿ ಇಂಥದೇ ಮೇಳವನ್ನು ಆರಂಭಿಸಿತು. ನಮ್ಮ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವೇ ಇರುವುದಷ್ಟೆ.

ಇದನ್ನು ಕುರಿತು ಎರಡು ಆಕ್ಷೇಪಗಳುಂಟು. ಇದು ಧನಿಕರ ಆಡಂಬರವೆಂಬುದು ಮೊದಲನೆಯದು. ಹಳೆಯ ಯಂತ್ರವನ್ನು ಓಡಿಸಿದಷ್ಟೂ ಅದು ಸವೆಯುವುದು, ಸವೆದ ಭಾಗವನ್ನು ತೆಗೆದು ಹೊಸದನ್ನು ಹಾಕಬೇಕಾಗುವುದು, ಕೊನೆಗೆ ಉಳಿಯುವುದು ಹೆಸರು ಮಾತ್ರ ಎಂಬುದು ಎರಡನೆಯದು. ಎರಡನೆಯದೇ ಗಹನವಾದುದರಿಂದ ಅದನ್ನು ಮೊದಲು ನೋಡೋಣ.

ಮಿಳಿಂದರಾಜನಿಗೂ ನಾಗಸೇನಭಿಕ್ಷುವಿಗೂ ನಡೆದ ಸಂವಾದದಲ್ಲಿ ರಥದ ದೃಷ್ಟಾಂತವು ಪ್ರಸಿದ್ಧವಾದುದು. ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ. ಇವುಗಳ ಕೂಟಕ್ಕೆ ರಥವೆಂಬುದು ಬರಿಯ ವ್ಯವಹಾರನಾಮ. ಆ ಭಿಕ್ಷುವಿನ ಪ್ರಶ್ನೆಯು 1990ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಮತ್ತೆ ಬಂದಿತೆಂದರೆ ಅಚ್ಚರಿಯಲ್ಲವೆ? ಫ್ರಾನ್ಸಿನ ಲಮಾನ್ ಪಂದ್ಯವನ್ನು 1929ರಲ್ಲಿಯೂ 1930ರಲ್ಲಿಯೂ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಬಂಡಿಯನ್ನು ಸುಮಾರು 1 ಕೋಟಿ ಪೌಂಡಿನ ಬೆಲೆಗೆ ಕೊಳ್ಳಲೊಪ್ಪಿದವರು, ಇದು ಆ ಬಂಡಿಯೇ ಅಲ್ಲವೆಂದು ಹಿಂದೆಗೆದರು. ವಾಸ್ತವದಲ್ಲಿ 1929ರ ಲೋಹವು ಅದರಲ್ಲಿ ಅತ್ಯಲ್ಪವಾಗಿ ಉಳಿದಿದ್ದಿತು. ಆದರೂ ನ್ಯಾಯಮೂರ್ತಿ ಆಟನ್ ಅವರು, ಭಾಗಗಳು ಕ್ರಮಕ್ರಮವಾಗಿ ಬದಲಾದುವೇ ಹೊರತು ಬಂಡಿಯ ಚರಿತ್ರೆಯ ಎಳೆಯು ಎಲ್ಲಿಯೂ ಕಡಿಯಲಿಲ್ಲವಾದುದರಿಂದ ಇದು ನಿಜವಾದ ಬಂಡಿಯೇ ಎಂದು ತೀರ್ಪಿತ್ತರು. ಮೂಲದ ಭಾಗಗಳಿಂದಲೇ ಕೂಡಿದುದೆಂಬ ಅರ್ಥದಲ್ಲಿ ಅದನ್ನು ‘ಮೂಲರೂಪದ್ದು’ ಎನ್ನಲಾಗದು. ಆದರೆ ‘ನಿಜವಾದುದು’ ಎನ್ನಬಹುದು.

ಈ ಎರಡು ಮಾತುಗಳ ನಡುವಣ ಅಂತರವೇ ನಮಗೆ ಮುಖ್ಯವಾದುದು. ಪುರಿಯ ಜಗನ್ನಾಥನಿಗೆ ನವಕಳೇಬರವಾದಾಗ ದಾರುವು ಹೊಸದು, ದೇವನು ಹೊಸಬನಲ್ಲ. 2015ರಲ್ಲಿಯೂ ಭಕ್ತರು ಹಾಗೆಯೇ ತಿಳಿದರು. ವಸ್ತುವಿನ ಐಕ್ಯವು ಧಾತುವಿನಲ್ಲಿಲ್ಲ, ಪರಂಪರೆಯಲ್ಲಿದೆ. ಆದರೆ ಪರಂಪರೆಯೆಂಬುದು ಬಾಯಿಮಾತಿನಿಂದ ಆಗತಕ್ಕುದಲ್ಲ. ಕಳಚಿ ಎಸೆದ ಹಳೆಯ ಭಾಗಗಳನ್ನೆಲ್ಲ ಕೂಡಿಸಿ ಇನ್ನೊಬ್ಬನು ಇನ್ನೊಂದು ಬಂಡಿಯನ್ನು ಕಟ್ಟಿ, ಇದೇ ಅದು ಎಂದರೆ? ಆಗ ಯಾವುದನ್ನು ಯಾವಾಗ ಯಾರು ಬದಲಾಯಿಸಿದರೆಂಬ ಪ್ರಾಮಾಣಿಕವಾದ ದಾಖಲೆಯಲ್ಲದೆ ಬೇರೆ ಸಾಕ್ಷಿಯಿಲ್ಲ. ಆದುದರಿಂದ ಜೀರ್ಣೋದ್ಧಾರದ ಮೊದಲ ಧರ್ಮವು ಸತ್ಯ. ಹೊಸ ಚಕ್ರವನ್ನು ಹಾಕುವುದು ದೋಷವಲ್ಲ. ಹೊಸದಕ್ಕೆ ಹಳೆಯ ಬಣ್ಣ ಬಳಿದು ಹಳೆಯದೆಂದು ಹೇಳುವುದು ದೋಷ.

ಹಾಗಾದರೆ ಸವೆಯುವುದನ್ನು ತಪ್ಪಿಸಲು ಬಂಡಿಯನ್ನು ಗಾಜಿನ ಮನೆಯಲ್ಲಿ ಮುಚ್ಚಿಡಬಾರದೇಕೆ? ಕೆಲವನ್ನು ಇಡಲೇಬೇಕು. ಮೂಲದ ಲೋಹ, ಮೂಲದ ಬಣ್ಣಗಳು ಅಪ್ಪಟವಾಗಿ ಉಳಿದ ಬಂಡಿಯು ಕಲ್ಲಿನ ಶಾಸನದಂತೆ. ಅದನ್ನು ಸವೆಸುವ ಹಕ್ಕು ಒಂದು ತಲೆಮಾರಿಗೆ ಇಲ್ಲ. ಆದರೆ ಎಲ್ಲವನ್ನೂ ಮುಚ್ಚಿಟ್ಟರೆ ಇನ್ನೊಂದು ಆಸ್ತಿಯು ನಾಶವಾಗುವುದು. ಅದು ಕೈಗಳ ವಿದ್ಯೆ. ಮುಂಭಾಗದ ಹಿಡಿಯನ್ನು ತಿರುಗಿಸಿ ಯಂತ್ರವನ್ನು ಎಬ್ಬಿಸುವಾಗ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸದಿದ್ದರೆ ಹಿಡಿಯು ಹಿಮ್ಮೊಗವಾಗಿ ಒದೆದು ಮಣಿಕಟ್ಟನ್ನೇ ಮುರಿಯುವುದು. 1912ರ ಕ್ಯಾಡಿಲಾಕ್ ಬಂಡಿಗೆ ವಿದ್ಯುತ್ತಿನ ಪ್ರಾರಂಭಕವು ಬಂದ ಮೇಲೆ ಮೆಲ್ಲಮೆಲ್ಲನೆ ಮರೆಯಾದ ಈ ಜಾಣ್ಮೆಯನ್ನು ಪುಸ್ತಕದಿಂದ ಓದಬಹುದು, ಕಲಿಯಲಾಗದು. ಭಾನುವಾರದ ಮೇಳದಲ್ಲಿ ಮುದುಕನಾದ ಮೇಸ್ತ್ರಿಯು ಹುಡುಗನ ಕೈಯನ್ನು ಹಿಡಿದು, ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸದೆ ಇತರ ಬೆರಳುಗಳ ಜೊತೆಗೇ ಇರಿಸಬೇಕೆಂದು ತೋರಿಸಿಕೊಟ್ಟರೆ, ಅಲ್ಲಿ ಸವೆಯುವುದು ಲೋಹ, ಉಳಿಯುವುದು ವಿದ್ಯೆ.

ಇನ್ನು ಆಡಂಬರದ ಮಾತು. ಮೇಳಗಳಲ್ಲಿ ಆಡಂಬರವಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದನ್ನು ಅಳೆಯಲು ಒಂದು ಒರೆಗಲ್ಲುಂಟು. ನೋಡುವವರ ಕಣ್ಣು ಬಂಡಿಯ ಮೇಲೆ ಬೀಳಲೆಂದು ತಂದವನು ಯಾರು, ತನ್ನ ಮೇಲೆ ಬೀಳಲೆಂದು ತಂದವನು ಯಾರು ಎಂಬುದು ನಡುದಾರಿಯಲ್ಲಿ ಬಂಡಿಯು ಕೆಟ್ಟು ನಿಂತಾಗ ತಿಳಿಯುವುದು. ಒಬ್ಬನು ಸೇವಕರನ್ನು ಗದರಿಸುವನು. ಇನ್ನೊಬ್ಬನು ತೋಳು ಮಡಿಸಿ ಬಂಡಿಯ ಕೆಳಗೆ ನುಸುಳುವನು. ಅವನ ಹಿಂದೆ ಬರುತ್ತಿದ್ದವನು ತನ್ನ ಹೊತ್ತನ್ನು ಲೆಕ್ಕಿಸದೆ ನಿಂತು ಸಲಕರಣೆಯನ್ನು ನೀಡುವನು. ಆ ಇಬ್ಬರಿಗೆ ಬಂಡಿಯು ಸೊತ್ತಲ್ಲ, ನ್ಯಾಸ.

ನಮಗೆ ಹಿರಿಯರಿಂದ ಬಂದ ಮನೆ, ಮಾತು, ಆಚಾರಗಳೆಲ್ಲವೂ ಇಂಥ ಬಂಡಿಗಳೇ. ಅವುಗಳಲ್ಲಿ ಕೆಲವನ್ನು ಮುಟ್ಟದೆ ಕಾಯಬೇಕು. ಮಿಕ್ಕವನ್ನು ನಡೆಯಿಸುತ್ತ, ಸವೆದುದನ್ನು ಬದಲಾಯಿಸುತ್ತ, ಬದಲಾಯಿಸಿದುದನ್ನು ಮರೆಮಾಚದೆ ಮುಂದಿನವರ ಕೈಗೆ ಕೊಡಬೇಕು. ಪಡೆದುದನ್ನು ಪಡೆದಂತೆಯೇ ಕೊಡುವುದು ಯಾರಿಂದಲೂ ಆಗದು; ಏನನ್ನು ಬದಲಾಯಿಸಿದೆವೆಂದು ಹೇಳಿ ಕೊಡುವುದು ಎಲ್ಲರಿಂದಲೂ ಆದೀತು.