ಸೀಮೆಯ ಋಣ

ಉಪಕಾರ ಮಾಡಿದವನ ಹೆಸರು ಉಪಕಾರವನ್ನು ಹೊಂದಿದವನಿಗೆ ತಿಳಿಯದೆ ಹೋದರೆ ಋಣವು ಉಳಿಯುತ್ತದೆಯೆ, ಅಳಿಯುತ್ತದೆಯೆ? ಸಾಲಪತ್ರವು ಕಳೆದುಹೋದ ಮಾತ್ರಕ್ಕೆ ಸಾಲವು ತೀರಿತೆಂದು ಯಾವ ಗೃಹಸ್ಥನೂ ಹೇಳಲಾರನು. ಆದರೆ ಸಾಲಕೊಟ್ಟವನು ಯಾವ ದೇಶದವನೆಂಬುದೇ ಮರೆತು ನಾನೂರು ವರ್ಷಗಳು ಸಂದಿರುವಾಗ, ಇಂಥ ಪ್ರಶ್ನೆಯು ಬರಿಯ ತರ್ಕವಿನೋದವೆಂದು ವಾಚಕರಿಗೆ ತೋರಬಹುದು. ಹಾಗಲ್ಲವೆಂಬುದನ್ನು ನಮ್ಮ ಅಡುಗೆಮನೆಯೇ ತೋರಿಸಿಕೊಡುತ್ತದೆ.

ಆಚಾರವಂತರ ಮನೆಗಳಲ್ಲಿ ಶ್ರಾದ್ಧದ ದಿನ ಮೆಣಸಿನಕಾಯಿಯನ್ನು ಬಳಸುವುದಿಲ್ಲ. ಖಾರಕ್ಕೆ ಕರಿಮೆಣಸೇ ಆಗಬೇಕು. ಆಲೂಗಡ್ಡೆಗೂ ಟೊಮೇಟೊವಿಗೂ ಅಂದು ಪ್ರವೇಶವಿಲ್ಲ. ಏಕೆಂದು ಕೇಳಿದರೆ ‘ಶಾಸ್ತ್ರದಲ್ಲಿ ಹೇಳಿಲ್ಲ’ ಎಂಬಷ್ಟೇ ಉತ್ತರ. ಉತ್ತರವು ಕಿರಿದು, ಆದರೆ ನಿಜವಾದುದು. ಶಾಸ್ತ್ರಗಳು ಹುಟ್ಟಿದಾಗ ಈ ಪದಾರ್ಥಗಳು ಭರತಖಂಡದಲ್ಲಿ ಇರಲೇ ಇಲ್ಲ. ಮೆಣಸಿನಕಾಯಿಯನ್ನೂ ಟೊಮೇಟೊವನ್ನೂ ಸಾಕಿ ಬೆಳೆಸಿದವರು ಮೆಕ್ಸಿಕೋ ದೇಶದ ಬೇಸಾಯಗಾರರು. ಆಲೂಗಡ್ಡೆಯನ್ನು ಬೆಳೆಸಿದವರು ಪೆರು ದೇಶದ ಕಡೆಯ ಆಂಡೀಸ್ ಪರ್ವತವಾಸಿಗಳು. ಕೊಲಂಬಸನು 1492ರಲ್ಲಿ ಅತ್ತ ಕಡಲು ದಾಟಿದ ಮೇಲೆಯೇ ಇವು ಹಡಗುಗಳಲ್ಲಿ ಲೋಕಸಂಚಾರಕ್ಕೆ ಹೊರಟವು. ಕನ್ನಡಿಗರು ಹೊಸ ಕಾಯಿಯ ಖಾರವನ್ನು ಕಂಡು ಅದಕ್ಕೆ ಹಳೆಯ ಮೆಣಸಿನ ಹೆಸರನ್ನೇ ಇಟ್ಟರು. ಇಂದು ಬ್ಯಾಡಗಿಯ ಹೆಸರನ್ನು ಕೇಳಿದವನು ಮೆಣಸಿನಕಾಯಿಯನ್ನಲ್ಲದೆ ಬೇರೊಂದನ್ನು ನೆನೆಯುವುದಿಲ್ಲ.

‘ಸೀಮೆ’ ಎಂಬ ನಮ್ಮ ವಿಶೇಷಣವು ಇನ್ನೂ ವಿಚಿತ್ರವಾದುದು. ಹೊರಗಿನಿಂದ ಬಂದುದೆಲ್ಲವೂ ಸೀಮೆಯದು. ಯಾವ ಸೀಮೆಯೆಂದು ಕೇಳುವವರಿಲ್ಲ. ಸೀಮೆಬದನೆಯ ತವರು ಮೆಕ್ಸಿಕೋ ಹಾಗೂ ಅದರ ನೆರೆಯ ನಾಡುಗಳು. ಆದರೆ ತಮಿಳರು ಅದನ್ನು ‘ಬೆಂಗಳೂರು ಕತ್ತರಿಕಾಯ್’ ಎಂದು ಕರೆದು, ಆ ಕೀರ್ತಿಯನ್ನು ನಮಗೆ ಕಟ್ಟಿದ್ದಾರೆ, ನಾವೂ ಬೇಡವೆನ್ನಲಿಲ್ಲ! ಬೇಲಿಗಳಲ್ಲಿ ಬೆಳೆದು ಮಕ್ಕಳ ಕಲ್ಲೇಟನ್ನು ತಿನ್ನುವ ಸೀಮೆಹುಣಸೆಯೂ ಮೆಕ್ಸಿಕೋ ದೇಶದ್ದೇ. ಸ್ಪೇನಿನವರ ಹಡಗುಗಳಲ್ಲಿ ಪೆಸಿಫಿಕ್ ಸಾಗರವನ್ನು ದಾಟಿ ಅವರದೇ ಆಳ್ವಿಕೆಯ ಫಿಲಿಪೀನ್ಸ್ ದ್ವೀಪಗಳಿಗೆ ಹೋಯಿತಾದುದರಿಂದ, ಇಂಗ್ಲಿಷರು ಅದನ್ನು ಮನಿಲಾ ಹುಣಸೆಯೆಂದರು. ಕಾರ್ತಿಕಮಾಸದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ದೊಡ್ಡ ಬಸವಣ್ಣನಿಗೆ ಅರ್ಪಿತವಾಗುವ ಕಡಲೆಕಾಯಿಯ ಮೂಲವೂ ದಕ್ಷಿಣ ಅಮೆರಿಕವೇ. ಪಿತೃಗಳು ಒಪ್ಪದ ಸೀಮೆಯನ್ನು ಬಸವಣ್ಣನು ಒಪ್ಪಿಕೊಂಡಿರುವನೆಂದು ಹೇಳಬೇಕಾಗಿದೆ.

ಇವುಗಳನ್ನು ಬೆಳೆಸಿದ ಜನರ ಗತಿಯೇನಾಯಿತು? 1521ರಲ್ಲಿ ಕೊರ್ಟೆಸನು ಮೆಕ್ಸಿಕೋವಿನ ರಾಜಧಾನಿಯನ್ನು ಕೆಡವಿದನು. ಅದಕ್ಕೆ ಮುನ್ನಿನ ವರ್ಷವೇ ಸಿಡುಬು ಅಲ್ಲಿಗೆ ಹೊಕ್ಕಿತ್ತು. ಒಂದು ಶತಮಾನ ಕಳೆಯುವಷ್ಟರಲ್ಲಿ ಆ ನಾಡಿನ ಮೂಲಪ್ರಜೆಗಳಲ್ಲಿ ಬಹುಪಾಲು ಜನ ರೋಗದಿಂದಲೂ ದುಡಿತದಿಂದಲೂ ಅಳಿದುಹೋದರು. ಇತ್ತ ಪೊಟೊಸಿ ಎಂಬ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ದೊರಕಿತು. ಇದು ಈಗಿನ ಬೊಲಿವಿಯಾ ದೇಶದಲ್ಲಿದೆ. 1570ರ ದಶಕದಲ್ಲಿ ರಾಜಪ್ರತಿನಿಧಿ ಟೊಲೆಡೊ ಎಂಬವನು ವಿಧಿಸಿದ ‘ಮಿತ’ ಎಂಬ ಬಿಟ್ಟಿಯ ಕಟ್ಟಳೆಯಂತೆ, ಗೊತ್ತುಮಾಡಿದ ಸೀಮೆಗಳ ವಯಸ್ಕ ಗಂಡಸರಲ್ಲಿ ಏಳರಲ್ಲಿ ಒಂದು ಪಾಲು ಸರದಿಯ ಮೇಲೆ ಆ ಗಣಿಗೆ ಹೋಗಬೇಕಾಗಿತ್ತು. ಹೋದವರಲ್ಲಿ ಅನೇಕರು ಹಿಂದಿರುಗಲಿಲ್ಲ.

ಆ ಬೆಳ್ಳಿಯು ನಮ್ಮ ಕಡಲನ್ನು ಮುಟ್ಟದೆ ಹೋಗಲಿಲ್ಲ. 1580ರಿಂದ 1640ರವರೆಗೆ ಪೋರ್ಚುಗಲ್ಲಿಗೆ ಸ್ಪೇನಿನ ದೊರೆಯೇ ದೊರೆ. ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳು ಹೆಸರಿಗೆ ಪೋರ್ಚುಗೀಸರವಾದರೂ ಅವುಗಳ ಮೇಲಣ ಕಿರೀಟವು ಫಿಲಿಪ್ ರಾಜರದಾಗಿತ್ತು. 1623ರಲ್ಲಿ ಗೋವೆಯ ರಾಯಭಾರಿಯು ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದಾಗ, ಅವನ ಸಂಗಡ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯೂ ಇದ್ದನು. ಆ ಸಂದರ್ಶನದ ಮುಖ್ಯ ವಿಷಯಗಳಲ್ಲಿ ಮೆಣಸಿನ ವ್ಯಾಪಾರವೂ ಒಂದು. ಮೆಣಸಿಗೆ ಬೆಲೆಯಾಗಿ ಬಂದ ಸ್ಪೇನಿನ ಬೆಳ್ಳಿನಾಣ್ಯಗಳಲ್ಲಿ ಪೊಟೊಸಿಯ ಬೆಳ್ಳಿಯೂ ಬೆರೆತಿತ್ತು. ಈ ಲೇಖಕನು ವಾಸಿಸುವ ಊರಿನ ಹೆಸರು ಸುಂಕದಕಟ್ಟೆ. ಮಾಗಡಿ ರಸ್ತೆಯ ಈ ಊರಿನ ಹೆಸರನ್ನು ಕೇಳಿದಾಗಲೆಲ್ಲ, ಸರಕು ಒಂದೆಡೆ ಸೇರಿದರೂ ಅದರ ಸುಂಕವು ಮತ್ತೊಂದೆಡೆ ಸಂದಿರುತ್ತದೆಂಬುದು ನೆನಪಾಗುತ್ತದೆ.

ಇಲ್ಲಿ ಪೂರ್ವಪಕ್ಷವುಂಟು. ‘ಹಿಂಸೆಯನ್ನು ನಾವು ಮಾಡಲಿಲ್ಲ, ಹತ್ತು ಕೈ ದಾಟಿ ಬಂದುದನ್ನು ಬೆಲೆಕೊಟ್ಟು ಕೊಂಡೆವು, ನಮಗೇಕೆ ದೋಷ?’ ನಮ್ಮ ಧರ್ಮಶಾಸ್ತ್ರಕಾರರು ಅಸ್ವಾಮಿವಿಕ್ರಯವೆಂಬ ಪ್ರಕರಣದಲ್ಲಿ ಇದನ್ನು ವಿಚಾರಮಾಡಿರುತ್ತಾರೆ. ಒಡೆಯನಲ್ಲದವನು ಮಾರಿದ್ದನ್ನು ಬಹಿರಂಗವಾದ ಪೇಟೆಯಲ್ಲಿ ಕೊಂಡವನು ಕಳ್ಳನಲ್ಲ, ದಂಡಾರ್ಹನಲ್ಲ. ಆದರೂ ನಿಜವಾದ ಒಡೆಯನ ಹಕ್ಕು ಅಳಿಯುವುದಿಲ್ಲ. ಬೆಳ್ಳಿಯ ವಿಷಯದಲ್ಲಿ ಈ ನ್ಯಾಯವು ಸರಿಯಾಗಿ ಹೊಂದುತ್ತದೆ. ನಾವು ನಿರಪರಾಧಿಗಳು, ಆದರೆ ಅನೃಣಿಗಳಲ್ಲ. ಎಲ್ಲ ಶೌಚಗಳಲ್ಲಿ ಅರ್ಥಶೌಚವೇ ಮಿಗಿಲೆಂದು ಮನುವಿನ ಮತ. ಶ್ರಾದ್ಧದ ದಿನ ಕಾಯಿಪಲ್ಯದ ಶುದ್ಧಿಯನ್ನು ವಿಚಾರಿಸುವ ನಾವು, ದಕ್ಷಿಣೆಯ ಬೆಳ್ಳಿಯ ಶುದ್ಧಿಯನ್ನು ವಿಚಾರಿಸಿದುದನ್ನು ಕಂಡಿಲ್ಲ.

ಬೀಜದ ನ್ಯಾಯವು ಬೇರೆ. ಬೆಳ್ಳಿಯನ್ನು ಒಯ್ದರೆ ಇದ್ದವನಿಗೆ ಅದು ಇಲ್ಲವಾಗುತ್ತದೆ. ಬೀಜವನ್ನು ಒಯ್ದರೆ ಅವನ ಹೊಲದಲ್ಲಿಯೂ ಅದು ಬೆಳೆಯುತ್ತದೆ. ಈ ಗುಣದಲ್ಲಿ ಅದು ವಿದ್ಯೆಗೆ ಸಮಾನ. ಕಾಡುಕಾಯಿಯನ್ನು ಸಾವಿರಾರು ವರ್ಷ ಆರಿಸಿ ಬಿತ್ತಿ ಊಟಕ್ಕೆ ಯೋಗ್ಯವಾಗಿಸಿದವರು ಒಂದು ಬಗೆಯ ಋಷಿಗಳೇ ಸರಿ. ಋಷಿಋಣವು ಧನದಿಂದ ತೀರುವುದಲ್ಲ, ಅಧ್ಯಯನದಿಂದ ತೀರುವುದು. ಆದುದರಿಂದ ಆ ಜನರ ವಿಷಯವನ್ನು ಓದಿ ತಿಳಿಯುವುದು ನಮಗೆ ಕುತೂಹಲವಲ್ಲ, ಕರ್ತವ್ಯ. ಅವರು ಅಳಿದ ಜನವೆಂದು ಭಾವಿಸುವುದೂ ತಪ್ಪು. ಟೊಮೇಟೊವಿಗೆ ‘ತೊಮತ್ಲ್’ ಎಂಬ ಹೆಸರನ್ನು ಕೊಟ್ಟ ನಹುವಾ ಭಾಷೆಯನ್ನು ಆಡುವವರು 2020ರ ಗಣತಿಯಂತೆ ಮೆಕ್ಸಿಕೋ ದೇಶದಲ್ಲಿ ಹದಿನಾರು ಲಕ್ಷಕ್ಕೆ ಮೇಲ್ಪಟ್ಟಿರುವರು.

ಮನೆಯ ಅನ್ಯಾಯವನ್ನು ಬಿಟ್ಟು ದೂರದವರಿಗಾಗಿ ಮರುಗುವುದೇಕೆಂದು ಮತ್ತೊಬ್ಬರು ಕೇಳಬಹುದು. 1550-51ರಲ್ಲಿ ಸ್ಪೇನಿನ ವಲ್ಲಡೊಲಿಡ್ ನಗರದಲ್ಲಿ ಒಂದು ವಾದವು ನಡೆಯಿತು. ಕೆಲವು ಜನರು ಹುಟ್ಟಿನಿಂದಲೇ ದಾಸರಾಗಲು ತಕ್ಕವರೆಂದು ಅರಿಸ್ಟಾಟಲನ ಆಧಾರದ ಮೇಲೆ ಸೆಪುಲ್ವೆಡನು ವಾದಿಸಿದನು. ಲಾಸ್ ಕಾಸಾಸ್ ಎಂಬ ಸಂನ್ಯಾಸಿಯು ಅದನ್ನು ಖಂಡಿಸಿದನು. ಈ ಕಾಸಾಸನೂ ಒಂದು ಕಾಲದಲ್ಲಿ, ಇಂಡಿಯನರನ್ನು ಉಳಿಸಲು ಆಫ್ರಿಕದ ದಾಸರನ್ನು ತರಿಸಬಹುದೆಂದು ಸಲಹೆಮಾಡಿ, ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟವನು. ಸೆಪುಲ್ವೆಡನ ವಾದವನ್ನು ಓದಿದ ಕನ್ನಡಿಗನಿಗೆ ಅದು ಹೊಸದೆನಿಸುವುದೆ? ಹುಟ್ಟನ್ನು ತೋರಿಸಿ ಬಾವಿಯನ್ನೂ ಪಾಠಶಾಲೆಯನ್ನೂ ಮುಚ್ಚಿದವರ ಮಾತು ಇದೇ ಆಗಿತ್ತು. ದೂರದ ಕನ್ನಡಿಯಲ್ಲಿ ಕಂಡ ಮುಖವನ್ನು ಹತ್ತಿರದಲ್ಲಿ ಗುರುತಿಸುವುದು ಸುಲಭ.

ಶ್ರಾದ್ಧದ ಅಡುಗೆಯನ್ನು ಬದಲಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕರಿಮೆಣಸಿನ ಸಾರು ಹಾಗೆಯೇ ಇರಲಿ. ಆದರೆ ತರ್ಪಣದಲ್ಲಿ ನಮ್ಮ ಬಂಧುಗಳಲ್ಲದವರಿಗೂ ಒಂದು ಬೊಗಸೆ ನೀರನ್ನು ಬಿಡುವ ವಿಧಿಯುಂಟು, ಅದರಲ್ಲಿ ದೇಶದ ನಿರ್ಬಂಧವಿಲ್ಲ. ಪುರೋಹಿತರನ್ನು ಕೇಳಿ ನೋಡಬಹುದು. ವಾಚಕರಲ್ಲಿ ಯಾರಾದರೂ ತಮ್ಮ ಪ್ರಾಂತದಲ್ಲಿ ‘ಸೀಮೆ’ ಎಂದು ಕರೆಯುವ ಗಿಡಬಳ್ಳಿಗಳ ಹೆಸರುಗಳನ್ನೂ ಅವು ಬಂದ ಬಗೆಯನ್ನು ಹಿರಿಯರು ಹೇಳಿರುವ ಮಾತುಗಳನ್ನೂ ಬರೆದು ಈ ಪತ್ರಿಕೆಗೆ ಕಳುಹಿಸಿದರೆ, ಮುಂದಿನ ವಿಚಾರಕ್ಕೆ ಬಹಳ ಸಹಾಯವಾಗುವುದು.